ವಕೀಲರನ್ನು ಕೇಳಿ: ಒಂದೇ ತಪ್ಪಿಗೆ ಎರಡು ಸಲ ಕೇಸು ಹಾಕಬಹುದಾ?

ಹಾಸನದ ಸದಸ್ಯರು: ಸರ್, ಬದುವಿನ ಜಗಳದಲ್ಲಿ ನಮ್ಮ ಭಾವ ಪಕ್ಕದ ಜಮೀನಿನವರಿಗೆ ದೊಣ್ಣೆಯಿಂದ ಹೊಡೆದರು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಎರಡು ತಿಂಗಳಾದ ಮೇಲೆ ಆ ಮನುಷ್ಯ ತೀರಿಕೊಂಡರು. ಈಗ ಪೊಲೀಸರು ಮತ್ತೆ ಕರೆಯುತ್ತಿದ್ದಾರೆ. ಒಂದೇ ಏಟಿಗೆ ಎರಡು ಕೇಸಾ?

ವಕೀಲರು: ಇದು ಹಗುರವಾದ ವಿಷಯವಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಇಲ್ಲ ಅನ್ನುವುದು ಸಂವಿಧಾನದ 20(2)ನೇ ವಿಧಿ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಕಾನೂನಿನಲ್ಲಿ, ಹಳೇ ಸಿಆರ್‌ಪಿಸಿಯ 300, ಈಗಿನ ಬಿಎನ್‌ಎಸ್‌ಎಸ್‌ನ 337ನೇ ಸೆಕ್ಷನ್ ಕೂಡ ಇದರ ಬಗ್ಗೆಯೇ. ಆದರೆ ಅದರ 3ನೇ ಉಪಸೆಕ್ಷನ್ ಓದಿ. ಶಿಕ್ಷೆಯಾದ ದಿನ ಸಾವು ಆಗಿರಲಿಲ್ಲ, ಅಥವಾ ಆಗಿದ್ದು ಕೋರ್ಟಿಗೆ ಗೊತ್ತಿರಲಿಲ್ಲ ಅಂದರೆ ಸಾವಿನ ಕೇಸು ಬೇರೆಯಾಗಿ ನಡೆಯಬಹುದು. ಗಾಯ ಮಾಡಿದ್ದು ಒಂದು ಅಪರಾಧ, ಸಾವಿಗೆ ಕಾರಣವಾಗಿದ್ದು ಇನ್ನೊಂದು. ಆ ಏಟಿನಿಂದಲೇ ಸತ್ತರಾ ಅನ್ನುವುದೇ ಈಗ ಮುಖ್ಯ. ಪೋಸ್ಟ್‌ಮಾರ್ಟಂ ಆಯಿತಾ? ದಂಡದ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ. ಸ್ಟೇಷನ್‌ಗೆ ಹೋಗುವ ಮೊದಲು ನಿರೀಕ್ಷಣಾ ಜಾಮೀನಿನ ಬಗ್ಗೆ ಅಲ್ಲಿನ ವಕೀಲರನ್ನು ಕಾಣಿ.

ಮೇಷ್ಟ್ರು: ಫಾರ್ವರ್ಡ್ ಬಂದಿದೆ ಸರ್: ‘ಚಿಕ್ಕ ಸೆಕ್ಷನ್‌ನಲ್ಲಿ ದಂಡ ಕಟ್ಟಿಬಿಡಿ, ಆಮೇಲೆ ಯಾರೂ ಮುಟ್ಟುವಂತಿಲ್ಲ.’

ವಕೀಲರು: ಈಗಷ್ಟೇ ಬರೆದೆನಲ್ಲ ಮೇಷ್ಟ್ರೇ! ಇಂಥದ್ದನ್ನು ನಂಬಿದವರೇ ಆಮೇಲೆ ನಮ್ಮ ಆಫೀಸಿನ ಬಾಗಿಲಲ್ಲಿ ಕೂರುವುದು. ಡಿಲೀಟ್ ಮಾಡಿ.

ತುಮಕೂರಿನ ಸದಸ್ಯೆ: ಅಣ್ಣನ ಕೇಸು ಡಿಸ್ಚಾರ್ಜ್ ಆಯಿತು, ವಿಚಾರಣೆ ಶುರುವಾಗುವ ಮೊದಲೇ ಕೋರ್ಟ್ ಕೈಬಿಟ್ಟಿತು. ಅದೂ ಖುಲಾಸೆನೇ ಅಲ್ವಾ ಸರ್?

ಸರ್ಕಾರಿ ನೌಕರ: ಕೋರ್ಟ್ ಕೇಸೂ ಇದೆ, ಇಲಾಖಾ ವಿಚಾರಣೆಯೂ ಇದೆ. ಇದು ಎರಡು ಶಿಕ್ಷೆ ಅಲ್ಲವೇ?

ವಕೀಲರು: ಅಲ್ಲ. ಇಲಾಖಾ ವಿಚಾರಣೆ ಕ್ರಿಮಿನಲ್ ಕೇಸಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿದೆ.

ಇನ್ನೊಬ್ಬ ನೌಕರ: ನನಗೂ ಇಲಾಖಾ ವಿಚಾರಣೆ ನಡೀತಿದೆ ಸರ್...

ವಕೀಲರು: ಮೇಲೆ ನೋಡಿ.

ಸರ್ಕಾರಿ ನೌಕರ: ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್ ಕೇಸಿನಲ್ಲಿ 1999ರಲ್ಲಿ ಕೆಲಸ ವಾಪಸ್ ಕೊಡಿಸಿದರಲ್ಲ?

ವಕೀಲರು: ಅಲ್ಲಿ ಎರಡೂ ಕಡೆ ಅದೇ ಆರೋಪ, ಅದೇ ಸಾಕ್ಷಿ. ಎಲ್ಲರಿಗೂ ಆ ಅಂಗಿ ಹಿಡಿಸುವುದಿಲ್ಲ.

ಅಂಗಡಿಯವರು: ಚೆಕ್ ಬೌನ್ಸ್‌ಗೆ 138ನೇ ಸೆಕ್ಷನ್ ಕೇಸು ಆದ ಮೇಲೆ ಹಳೇ ಐಪಿಸಿಯ 420, ಅಂದರೆ ಮೋಸದ ಕೇಸು ಹಾಕುವಂತಿಲ್ಲ. 2011ರ ತೀರ್ಪು ಇದೆ.

ಮೇಷ್ಟ್ರು: 2012ರದ್ದು ಓದಿದ್ದೀರಾ? 420ಕ್ಕೆ ಮೋಸದ ಉದ್ದೇಶ ಬೇಕು, 138ಕ್ಕೆ ಬೇಡ. ಎರಡೂ ಬೇರೆ.

ಅಂಗಡಿಯವರು: ಫಾರ್ವರ್ಡ್ ನಂಬುವವರು ನನಗೆ ಕಾನೂನು ಹೇಳಬೇಡಿ.

ಮೇಷ್ಟ್ರು: ಸಾಲ ಕೊಟ್ಟು ಚೆಕ್ ಇಟ್ಟುಕೊಳ್ಳುವವರು ನೀವು. ನಿಮಗೇ ಜಾಸ್ತಿ ಗೊತ್ತಿರಬೇಕು ಬಿಡಿ.

ವಕೀಲರು: ಸಾಕು. ಆ ಗೊಂದಲವನ್ನು 2022ರಲ್ಲಿ ಸುಪ್ರೀಂ ಕೋರ್ಟೇ ದೊಡ್ಡ ಪೀಠಕ್ಕೆ ಕಳಿಸಿದೆ. ನೀವಿಬ್ಬರು ಇಲ್ಲಿ ತೀರ್ಮಾನ ಮಾಡಬೇಕಿಲ್ಲ.

ಹಾಸನದ ಸದಸ್ಯರು: ಸರ್, ಪೋಸ್ಟ್‌ಮಾರ್ಟಂ ಆಗಿಲ್ಲ. ಮಣ್ಣು ಮಾಡಿಬಿಟ್ಟಿದ್ದಾರೆ.

ವಕೀಲರು: ಹೆಣ ತೆಗೆಸಿ ಪರೀಕ್ಷೆ ಮಾಡಿಸಲೂಬಹುದು. ಇನ್ನು ಇಲ್ಲಿ ಏನೂ ಬರೆಯಬೇಡಿ, ನಾಳೆಯೇ ವಕೀಲರನ್ನು ಕಾಣಿ.

ತುಮಕೂರಿನ ಸದಸ್ಯೆ: ಸರ್, ನಂದು ಡಿಸ್ಚಾರ್ಜ್ ಪ್ರಶ್ನೆ ಇತ್ತು...