ಅಪ್‌ಗ್ರೇಡ್ ಆದಮೇಲೆ ಡಿಎನ್‌ಎಸ್ ಹೆಸರುಗಳೆಲ್ಲ ಮಾಯ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕೊಬ್ಬರಿ ವ್ಯಾಪಾರ. ತುಮಕೂರಿನಲ್ಲಿ ಆಫೀಸು, ತಿಪಟೂರಿನಲ್ಲಿ ಗೋಡೌನು. ಆಫೀಸಿನ ಸರ್ವರ್‌ನಲ್ಲಿ ಉಬುಂಟು 18.04 ಆಪರೇಟಿಂಗ್ ಸಿಸ್ಟಮ್ ಇತ್ತು. ಅದರ ಮೇಲೆ ಬೈಂಡ್ ಅನ್ನುವ ಸಾಫ್ಟ್‌ವೇರ್ ಹಾಕಿ ಒಳಗಿನ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ಯಂತ್ರದ ಐಪಿ ವಿಳಾಸ ಹೇಳುವ ವ್ಯವಸ್ಥೆ, ನಡೆಸುತ್ತಿದ್ದೆವು. ಬಿಲ್ಲಿಂಗ್, ಪ್ರಿಂಟರ್, ಕ್ಯಾಮೆರಾ ಎಲ್ಲ ಸೇರಿ 60 ಹೆಸರು. ಶನಿವಾರ 22.04ಕ್ಕೆ ಹೋಗೋಣ ಅಂತ ಕೂತೆ. ಅಪ್‌ಗ್ರೇಡ್ ಅರ್ಧಕ್ಕೇ ನಿಂತಿತು. ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದೆ. ಬ್ಯಾಕಪ್ ಇಲ್ಲ. ಆದರೆ ತಿಪಟೂರಿನಲ್ಲಿ ಬಿಲ್ಲಿಂಗ್ ಈಗಲೂ ಹೆಸರಿನಿಂದಲೇ ತೆರೆಯುತ್ತಿದೆ. ಅಲ್ಲಿ ಸೆಕೆಂಡರಿ ಡಿಎನ್‌ಎಸ್, ಅಂದರೆ ಇಲ್ಲಿನ ಹೆಸರುಗಳ ಪ್ರತಿ ಇಟ್ಟುಕೊಳ್ಳುವ ಎರಡನೇ ಸರ್ವರ್, ಇದೆ. ಇಲ್ಲಿ ನಾಲ್ಕೈದು ಹೆಸರಿನ ಝೋನ್ (ಹೆಸರುಗಳ ಪಟ್ಟಿ) ಬರೆದು ಶುರು ಮಾಡಿಬಿಡಲಾ?

ಉತ್ತರ: ದಯವಿಟ್ಟು ಬೇಡ. ನಿಮ್ಮ 60 ಹೆಸರೂ ತಿಪಟೂರಿನಲ್ಲಿ ಭದ್ರವಾಗಿವೆ. ಸೆಕೆಂಡರಿ ಸರ್ವರ್ ಝೋನ್‌ನ ಸೀರಿಯಲ್ ನಂಬರ್ ನೋಡುತ್ತದೆ; ಅದು ಹೆಚ್ಚಾಗಿದ್ದರೆ ಝೋನ್ ಬದಲಾಗಿದೆ ಅಂತ ಅರ್ಥ. ನೀವು ಇವತ್ತಿನ ತಾರೀಖಿನ ಸೀರಿಯಲ್ ಹಾಕಿ ನಾಲ್ಕು ಹೆಸರಿನ ಝೋನ್ ಶುರು ಮಾಡಿದರೆ, ಅದು ಹೊಸದು ಅಂದುಕೊಂಡು ಅದನ್ನೇ ಎಳೆದುಕೊಳ್ಳುತ್ತದೆ. ಉಳಿದದ್ದೆಲ್ಲ ಅಲ್ಲಿಂದಲೂ ಹೋಗುತ್ತದೆ. ಇಲ್ಲಿ ಬೈಂಡ್ ನಿಲ್ಲಿಸಿಯೇ ಇಡಿ.

ಹಾಗಂತ ತಡ ಮಾಡಬೇಡಿ. ಝೋನ್‌ನ ಎಸ್‌ಒಎ ಸಾಲಿನಲ್ಲಿ (ಸೀರಿಯಲ್ ಇರುವುದೂ ಅಲ್ಲೇ) ಎಕ್ಸ್‌ಪೈರ್ ಅಂತ ಒಂದು ಅವಧಿ ಇರುತ್ತದೆ. 604800 ಸೆಕೆಂಡ್ ಇದ್ದರೆ 7 ದಿನ. ಅಷ್ಟು ಹೊತ್ತು ಪ್ರೈಮರಿ, ಅಂದರೆ ನಿಮ್ಮ ತುಮಕೂರಿನ ಸರ್ವರ್, ಸಿಗದಿದ್ದರೆ ಸೆಕೆಂಡರಿ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಇವತ್ತೇ ತಿಪಟೂರಿನ ಸರ್ವರ್‌ನ ಝೋನ್ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ ವಾರ್, ಅದರೊಳಗೆ ಕ್ಯಾಶ್, ಅದರೊಳಗೆ ಬೈಂಡ್ ಫೋಲ್ಡರ್. ಐಪಿಯಿಂದ ಹೆಸರು ಹೇಳುವ ರಿವರ್ಸ್ ಝೋನ್ ಬೇರೆ ಫೈಲ್, ಅದನ್ನು ಮರೆಯಬೇಡಿ.

ಪ್ರಶ್ನೆ: ಕಾಪಿ ಆಯ್ತು ಮೇಡಂ. ತೆರೆದರೆ ಅರ್ಥವಿಲ್ಲದ ಅಕ್ಷರಗಳು. ಕೆಟ್ಟುಹೋಗಿದೆಯಾ?

ಉತ್ತರ: ಇಲ್ಲ, ಗಾಬರಿ ಬೇಡ. ಬೈಂಡ್ 9.9ರಿಂದ ಈಚೆಗೆ ಸೆಕೆಂಡರಿ ತನ್ನ ಪ್ರತಿಯನ್ನು ರಾ ರೂಪದಲ್ಲಿ, ಅಂದರೆ ನಾವು ನೇರ ಓದಲಾಗದ ಬೈನರಿಯಲ್ಲಿ, ಇಡುತ್ತದೆ. ನೇಮ್ಡ್-ಕಂಪೈಲ್‌ಝೋನ್ ಕಮಾಂಡ್‌ನಲ್ಲಿ ಸಣ್ಣ ಎಫ್‌ಗೆ ರಾ, ದೊಡ್ಡ ಎಫ್‌ಗೆ ಟೆಕ್ಸ್ಟ್ ಅಂತ ಕೊಡಿ. ಓದಲು ಬರುವ ಫೈಲ್ ಸಿಗುತ್ತದೆ. ನೀವು ಬರೆದಿಟ್ಟ ಕಾಮೆಂಟ್‌ಗಳು ಮಾತ್ರ ಸಿಗುವುದಿಲ್ಲ.

ಆ ಫೈಲನ್ನು ಹೊಸ ಸರ್ವರ್‌ನ ಇಟಿಸಿ ಒಳಗಿನ ಬೈಂಡ್ ಫೋಲ್ಡರಿನಲ್ಲೇ ಇಡಿ. ಹೋಮ್ ಫೋಲ್ಡರಿನಲ್ಲಿಟ್ಟರೆ ಉಬುಂಟುವಿನ ಭದ್ರತಾ ವ್ಯವಸ್ಥೆ ಆಪ್‌ಆರ್ಮರ್ ಬೈಂಡ್‌ಗೆ ಅದನ್ನು ಓದಲು ಬಿಡುವುದಿಲ್ಲ. ಇಲ್ಲಿ ಜಾಸ್ತಿ ಜನ ಸುಮ್ನೆ ಗಂಟೆಗಟ್ಟಲೆ ಕಳೆಯುತ್ತಾರೆ. ಸೀರಿಯಲ್ ಒಂದು ಹೆಚ್ಚಿಸಿ. ಸರ್ವರ್‌ಗೆ ಹಳೆಯ ಐಪಿಯನ್ನೇ ಕೊಡಿ, ತಿಪಟೂರು ಹುಡುಕುವುದು ಅದನ್ನೇ ಅಲ್ವಾ?

ಫಾರ್ವರ್ಡರ್ (ಹೊರಗಿನ ಹೆಸರುಗಳಿಗೆ ಯಾವ ಸರ್ವರನ್ನು ಕೇಳಬೇಕು ಅನ್ನುವುದು), ಯಾರಿಗೆ ಉತ್ತರ ಕೊಡಬೇಕು, ಯಾರಿಗೆ ಝೋನ್ ಕಳಿಸಬೇಕು ಅನ್ನುವುದೆಲ್ಲ ಝೋನ್ ಫೈಲಿನಲ್ಲಿ ಇರುವುದಿಲ್ಲ. ಅವನ್ನು ಹೊಸದಾಗಿ ಬರೆಯಬೇಕು. ತಿಪಟೂರಿನ ಆಪ್ಷನ್ಸ್ ಫೈಲನ್ನು ಹಾಗೇ ತಂದು ಹಾಕಬೇಡಿ. 22.04ರಲ್ಲಿ ಬರುವುದು ಬೈಂಡ್ 9.18. ಹಳೆಯ ಕೆಲವು ಸಾಲುಗಳು ಅದಕ್ಕೆ ಒಪ್ಪಿಗೆಯಾಗುವುದಿಲ್ಲ. ನೇಮ್ಡ್-ಚೆಕ್‌ಕಾನ್ಫ್ ಓಡಿಸಿದರೆ ತಪ್ಪು ಯಾವ ಸಾಲಿನಲ್ಲಿದೆ ಅಂತ ಅದೇ ಹೇಳುತ್ತದೆ. ಅದು ಏನೂ ಹೇಳದೆ ಸುಮ್ಮನಾದ ಮೇಲೆ ಬೈಂಡ್ ಶುರು ಮಾಡಿ. ಆಮೇಲೆ ಎರಡೂ ಕಡೆ ಎಸ್‌ಒಎ ಕೇಳಿ ನೋಡಿ, ಸೀರಿಯಲ್ ಒಂದೇ ಬರಬೇಕು.

ಪ್ರಶ್ನೆ: ಎರಡೂ ಕಡೆ ಒಂದೇ ಬಂತು ಮೇಡಂ. ಪ್ರಿಂಟರ್‌ಗಳೂ ಸಿಕ್ಕವು. ತುಂಬಾ ಉಪಕಾರವಾಯ್ತು.