ಹಳೆ ಕಂಪ್ಯೂಟರ್ ಬಿಡಿಭಾಗದಿಂದ ಮನೆಗೆ ಸ್ಟೋರೇಜ್ ಸರ್ವರ್: ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಜಮಖಂಡಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ದೊಡ್ಡಾಟದ ಮೇಳದಲ್ಲಿ ವರ್ಷಾನುಗಟ್ಟಲೆ ಹಾರ್ಮೋನಿಯಂ ನುಡಿಸಿದವರು. ಅವರು ಜೋಪಾನವಾಗಿ ಇಟ್ಟಿದ್ದ 60 ಕ್ಯಾಸೆಟ್, 40 ಮಿನಿ ಡಿವಿ ಟೇಪ್ ಎಲ್ಲವನ್ನೂ ಹೋದ ವರ್ಷ ಕಂಪ್ಯೂಟರಿಗೆ ಇಳಿಸಿದೆವು. ಈಗ ಅವು ಅರ್ಧ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಅರ್ಧ ತಮ್ಮನ ಲ್ಯಾಪ್‌ಟಾಪಿನಲ್ಲಿ ಚದುರಿ ಬಿದ್ದಿವೆ. ಒಂದೇ ಕಡೆ ಇಟ್ಟು ಮನೆಯವರೆಲ್ಲ ನೋಡುವ ಹಾಗೆ ಮಾಡಬೇಕು.

ತಮ್ಮ ಮುಂಚೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಅಲ್ಲಿಯ ಸಾಮಾನು ಉಳಿದಿದೆ: ಜಿ41 ಬೋರ್ಡ್ ಜೊತೆ ಕೋರ್ 2 ಡ್ಯುಯೋ ಮತ್ತು 4 ಜಿಬಿ ರ‍್ಯಾಮ್, ಎಚ್81 ಬೋರ್ಡ್ ಜೊತೆ ಐ3-4130 ಮತ್ತು 8 ಜಿಬಿ ರ‍್ಯಾಮ್, 450 ವ್ಯಾಟ್ ಅಂತ ಬರೆದಿರುವ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ) ಇರುವ ಕ್ಯಾಬಿನೆಟ್, 120 ಜಿಬಿ ಎಸ್‌ಎಸ್‌ಡಿ, 500 ಜಿಬಿಯ ಹಳೆ ಡಿಸ್ಕ್, ಸಿಸಿಟಿವಿ ಡಿವಿಆರ್‌ನಿಂದ ತೆಗೆದ 1 ಟಿಬಿ ಡಿಸ್ಕ್, 2 ಟಿಬಿ ಎಕ್ಸ್‌ಟರ್ನಲ್. ಇದರಲ್ಲೇ ಆಗುತ್ತಾ? ಹೊಸದು ಏನಾದರೂ ಕೊಳ್ಳಲೇಬೇಕಾ? ಮಾಡಿ ನೋಡಿದವರು ಹೇಳಿ.

ಬೆಳಗಾವಿ, ಟಿಳಕವಾಡಿ

ಅಕ್ಕಾರೇ, ಮೊದಲು ಲೆಕ್ಕ ಹಾಕೋಣ, ಯಾಕಂದ್ರೆ ಸುಮಾರು ಜನ ಲೆಕ್ಕ ಹಾಕದೇ ದೊಡ್ಡ ದೊಡ್ಡ ಡಿಸ್ಕ್ ತರುತ್ತಾರೆ. ಸಿಡಿ ಗುಣಮಟ್ಟದಲ್ಲಿ ಇಳಿಸಿದ ಆಡಿಯೋ ಗಂಟೆಗೆ 635 ಎಂಬಿ ಆಗುತ್ತದೆ. 60 ಕ್ಯಾಸೆಟ್ಟೂ ಒಂದೊಂದು ಗಂಟೆಯದ್ದು ಅಂದುಕೊಂಡರೆ ಎಲ್ಲಾ ಸೇರಿ 38 ಜಿಬಿ. ಮಿನಿ ಡಿವಿ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ, 40 ಟೇಪಿಗೆ 520 ಜಿಬಿ. ಅಪ್ಪನ ಆಸ್ತಿಯೆಲ್ಲಾ 600 ಜಿಬಿ ಒಳಗೇ ಬಂತು. ಮನೆಯ ಫೋಟೋ ಇನ್ನೊಂದು ಅಷ್ಟೇ ಇದ್ದರೂ 2 ಟಿಬಿ ಸಾಕು, 4 ಟಿಬಿ ತಂದರೆ ಬಹಳ ವರ್ಷ ಚಿಂತೆ ಇಲ್ಲ.

ಬೋರ್ಡ್ ವಿಷಯದಲ್ಲಿ ಯೋಚನೆಯೇ ಬೇಡ, ಎಚ್81 ಇಟ್ಟುಕೊಳ್ಳಿ. ಫೈಲ್ ಇಡುವ ಸರ್ವರಿಗೆ ಪ್ರೊಸೆಸರ್ ವೇಗ ಅಷ್ಟೇನೂ ಬೇಕಿಲ್ಲ. ನೋಡಬೇಕಾದ್ದು ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಎಷ್ಟಿವೆ, ಸುಮ್ನೆ ಕೂತಾಗ ಎಷ್ಟು ಕರೆಂಟ್ ಎಳೆಯುತ್ತದೆ, ಲ್ಯಾನ್ ಗಿಗಾಬಿಟ್ಟಾ ಅಲ್ಲವಾ ಅನ್ನುವುದು. ಎಚ್81 ಚಿಪ್‌ಸೆಟ್ ನಾಲ್ಕು ಸಾಟಾ ಕೊಡುತ್ತದೆ, ಎರಡು 6 ಗಿಗಾಬಿಟ್, ಎರಡು 3 ಗಿಗಾಬಿಟ್. ತಿರುಗುವ ಡಿಸ್ಕಿಗೆ 3 ಗಿಗಾಬಿಟ್ಟೇ ಸಾಕಾಗಿ ಉಳಿಯುತ್ತದೆ, ಚಿಂತೆ ಮಾಡಬೇಡಿ. ಜಿ41 ಬೋರ್ಡಿನ ಹಳೆ ಸಾಟಾದಲ್ಲಿ ಡಿಸ್ಕ್ ನಡೆಸುವ ಹೊಸ ಪದ್ಧತಿಯಾದ ಎಎಚ್‌ಸಿಐ ಇಲ್ಲ, ಕರೆಂಟೂ ಜಾಸ್ತಿ, ಅದರ ಎಷ್ಟೋ ಮಾಡೆಲ್‌ಗಳಲ್ಲಿ ಲ್ಯಾನ್ 100 ಎಂಬಿಪಿಎಸ್ ಮಾತ್ರ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 11 ಎಂಬಿ ಆಸುಪಾಸು. ನಿಮ್ಮ 520 ಜಿಬಿ ವಿಡಿಯೋ ಹಾಕಲು 13 ಗಂಟೆ ಬೇಕು. ಗಿಗಾಬಿಟ್‌ನಲ್ಲಿ ಅದೇ ಕೆಲಸ ಒಂದೂವರೆ ಗಂಟೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಬೋರ್ಡ್, ರ‍್ಯಾಮ್, ಕ್ಯಾಬಿನೆಟ್, ಎಸ್‌ಎಸ್‌ಡಿ ಎಲ್ಲಾ ಹಳೆಯದು ನಡೆಯುತ್ತದೆ, ಅವು ಕೆಟ್ಟರೆ ಬೇರೆ ಹಾಕಬಹುದು, ಒಂದು ಹಾಡೂ ಹೋಗುವುದಿಲ್ಲ. ಎಸ್‌ಎಂಪಿಎಸ್ ಮತ್ತು ಮುಖ್ಯ ಡಿಸ್ಕ್, ಇವೆರಡನ್ನು ಹೊಸದು ತನ್ನಿ. 2019ರಲ್ಲಿ ನಾನು ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್‌ನಲ್ಲೇ ಎರಡು ಡಿಸ್ಕ್ ಓಡಿಸುತ್ತಿದ್ದೆ. ಏಪ್ರಿಲ್ ಸಂಜೆ, ಗುಡುಗು ಶುರುವಾಗಿ ಕರೆಂಟ್ ಹೋಯಿತು, ಬಂತು, ಮತ್ತೆ ಹೋಗಿ ಬಂತು. ಟಪ್ ಅಂತ ಸದ್ದು, ಸುಟ್ಟ ವಾಸನೆ. ಎರಡೂ ಡಿಸ್ಕ್ ಒಟ್ಟಿಗೇ ಸತ್ತವು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ಹಾಕಿದ್ದೆ, ಎರಡಕ್ಕೂ ಕರೆಂಟ್ ಕೊಡುತ್ತಿದ್ದದ್ದು ಒಂದೇ ಡಬ್ಬಿ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಮಗಳ ಮೊದಲ ಎರಡು ವರ್ಷದ ವಿಡಿಯೋ ಅದರಲ್ಲಿದ್ದವು.

ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುವುದನ್ನು ನಂಬಬೇಡಿ. ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲಿಗೆ ಎಷ್ಟು ಆಂಪಿಯರ್ ಅಂತ ನೋಡಿ. 18 ಅಂತ ಇದ್ದರೆ 12ರಿಂದ ಗುಣಿಸಿ, 216 ವ್ಯಾಟ್ ಅಷ್ಟೇ ಅದರ ನಿಜವಾದ ಶಕ್ತಿ. ನಿಮಗೆ ಬೇಕಾಗುವುದು ಜಾಸ್ತಿ ಏನಿಲ್ಲ, ಐ3 ಜೊತೆ ಎರಡು ಡಿಸ್ಕ್ ಇದ್ದರೆ ನೂರು ವ್ಯಾಟ್ ದಾಟುವುದು ಕಷ್ಟ. ಆದರೆ ಪ್ರತಿ ಡಿಸ್ಕ್ ತಿರುಗಲು ಶುರುಮಾಡುವಾಗ ಒಂದೆರಡು ಸೆಕೆಂಡ್ 20–25 ವ್ಯಾಟ್ ಎಳೆಯುತ್ತದೆ, ಅಲ್ಲಿ ಕಳಪೆ ಡಬ್ಬಿ ಕುಸಿಯುತ್ತದೆ. 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲಾಗುತ್ತದೆ ಅನ್ನುವುದಕ್ಕೆ) ಇರುವ ಒಳ್ಳೆ ಕಂಪನಿಯ ಚಿಕ್ಕದೊಂದು ತನ್ನಿ.

ಹೊಸ ಡಿಸ್ಕ್ ತರುವಾಗ ಸಿಎಂಆರ್ ಅಂತ ಕೇಳಿ ತನ್ನಿ, ಅದರಲ್ಲಿ ಬರೆಯುವ ಟ್ರ್ಯಾಕುಗಳು ಒಂದರ ಮೇಲೊಂದು ಬರದೆ ಪಕ್ಕಪಕ್ಕ ಇರುತ್ತವೆ. ಎಸ್‌ಎಂಆರ್ ಡಿಸ್ಕುಗಳಲ್ಲಿ ಹಂಚಿನ ಮಾಡಿನ ಹಾಗೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ, ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಒಂದೇ ಸಮನೆ ಬರೆಯುತ್ತಾ ಹೋದರೆ ವೇಗ ಬಿದ್ದುಹೋಗುತ್ತದೆ. 2020ರಲ್ಲಿ ಡಬ್ಲ್ಯುಡಿ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಹೇಳದೇ ಎಸ್‌ಎಂಆರ್ ಹಾಕಿದ್ದು ಹೊರಬಂದು ದೊಡ್ಡ ಗಲಾಟೆ ಆಯಿತು. ಈಗ ರೆಡ್ ಪ್ಲಸ್ ಸಿಎಂಆರ್. ಸೀಗೇಟ್‌ನಲ್ಲಿ ಐರನ್‌ವುಲ್ಫ್ ಸಿಎಂಆರ್. ಸಾದಾ ಬಾರಾಕುಡಾದಲ್ಲಿ 2ರಿಂದ 8 ಟಿಬಿವರೆಗಿನ ಈಗಿನ ಮಾಡೆಲ್‌ಗಳು ಎಸ್‌ಎಂಆರ್, ಅಂಗಡಿಯವರು ಕೊಡಲು ಬಂದರೆ ಬೇಡ ಅನ್ನಿ. ಎರಡು 4 ಟಿಬಿ ತಂದು ಮಿರರ್ ಮಾಡಿ, ಅಂದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುವ ಹಾಗೆ.

ವಿಜಯಪುರ, ಸ್ಟೇಷನ್ ರಸ್ತೆ

ನಮ್ಮ ಕಡೆ ಬಿಸಿಲಿನ ಮಾತು ಬಿಟ್ಟು ಬೇರೆ ಮಾತೇ ಇಲ್ಲ ನೋಡಿ, ಜಮಖಂಡಿಯೂ ಹಾಗೇ ಅಲ್ವಾ. ಹೊರಗೆ 41 ಇದ್ದಾಗ ಮೇಲಿನ ಮಹಡಿಯ ರೂಮಿನಲ್ಲಿ ಇಟ್ಟಿದ್ದ ನನ್ನ ಡಿಸ್ಕ್ 56 ಡಿಗ್ರಿ ತೋರಿಸಿತು. ಅದೇ ಪೆಟ್ಟಿಗೆಯನ್ನು ಕೆಳಗೆ, ದಪ್ಪ ಕಲ್ಲಿನ ಗೋಡೆಯ ನಡುಮನೆಗೆ ತಂದು, ಡಿಸ್ಕ್ ಮುಂದೆ ಒಂದು 120 ಮಿಲಿಮೀಟರ್ ಫ್ಯಾನ್ ಹಾಕಿದ ಮೇಲೆ ಮೇ ತಿಂಗಳಲ್ಲೂ 43 ದಾಟಲಿಲ್ಲ. ಎರಡು ಡಿಸ್ಕ್‌ಗಳನ್ನು ಒಂದರ ಮೇಲೊಂದು ಅಂಟಿಸಿದ ಹಾಗೆ ಕೂರಿಸಬೇಡಿ, ನಡುವೆ ಒಂದು ಜಾಗ ಖಾಲಿ ಬಿಡಿ. ಐ3 ಮೇಲಿನ, ಬಿಸಿಯನ್ನು ಹೊರಗೆ ಸಾಗಿಸುವ ಹಳೆ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿರುತ್ತದೆ, ಒರೆಸಿ ಹೊಸದು ಹಚ್ಚಿ. ಎರೆ ಮಣ್ಣಿನ ಧೂಳು ಬಹಳ ಸಣ್ಣದು, ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ, ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿಟ್ಟು ಹಿಡಿಯಿರಿ.

ಯುಪಿಎಸ್ ಇಲ್ಲದೆ ಶುರುಮಾಡಲೇಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ. ಸಾದಾ ಮೋಡಿನಲ್ಲಿ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ. ಯುಪಿಎಸ್ಸೇ ತರುವುದಾದರೆ ಯುಎಸ್‌ಬಿ ಪೋರ್ಟ್ ಇರುವುದು ತನ್ನಿ, ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಆಫ್ ಆಗುವ ಹಾಗೆ ಮಾಡಬಹುದು. ಅದಕ್ಕೆ ಎನ್‌ಯುಟಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ.

ಮತ್ತೊಂದು. ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ ಅಂದರೆ ಮನೆಯ ಅರ್ಥಿಂಗ್ ಸರಿ ಇಲ್ಲ. ಸರ್ವರ್ ಆಮೇಲೆ, ಮೊದಲು ವೈರ್‌ಮನ್ ಕರೆಸಿ.

ಬಾಗಲಕೋಟೆ, ನವನಗರ

ಕರೆಂಟ್ ಬಿಲ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. 40 ವ್ಯಾಟಿನ ಪೆಟ್ಟಿಗೆ ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್. ನಿಮ್ಮ ಮನೆ ಗೃಹಜ್ಯೋತಿಯಲ್ಲಿದೆಯಾ? 2022-23ರ ಸರಾಸರಿಯ ಮೇಲೆ ಶೇ. 10 ಸೇರಿಸಿ ಉಚಿತ ಮಿತಿ ಹಾಕಿದ್ದಾರಲ್ಲ, 110 ಸರಾಸರಿ ಇದ್ದರೆ 121. ಸರ್ವರ್ ಬಂದ ಮೇಲೆ ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಅದು ದೊಡ್ಡ ಮೊತ್ತವಲ್ಲ. ಆದರೆ ಈಗಾಗಲೇ 180ರ ಹತ್ತಿರ ಇರುವ ಮನೆಯಾದರೆ ಹುಷಾರು, 200 ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ. ಹೆಸ್ಕಾಂ ಬಿಲ್ ಕೈಯಲ್ಲಿ ಹಿಡಿದು ಒಮ್ಮೆ ನೋಡಿ. ನಾನು ರಾತ್ರಿ 11ಕ್ಕೆ ಆಫ್ ಮಾಡಿಸಿ, ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಆರ್‌ಟಿಸಿ ಅಲಾರ್ಮ್ ಇಟ್ಟು ಬೆಳಿಗ್ಗೆ 6ಕ್ಕೆ ತಾನೇ ಎದ್ದೇಳುವ ಹಾಗೆ ಮಾಡಿದ್ದೇನೆ. ಎಂಟು ಯೂನಿಟ್ ಉಳಿಯುತ್ತದೆ.

ಬಯಾಸ್ ಅಂದೆನಲ್ಲ, ಬೋರ್ಡಿನ ಸೀಮಾಸ್ ಬ್ಯಾಟರಿ, ಸಿಆರ್2032, ಮೊದಲೇ ಹೊಸದು ಹಾಕಿಬಿಡಿ. ಐವತ್ತು ರೂಪಾಯಿ ಒಳಗೆ ಸಿಗುತ್ತದೆ. ಅದು ಸತ್ತಿದ್ದರೆ ಒಮ್ಮೆ ಕರೆಂಟ್ ಹೋದ ಕೂಡಲೇ ಎಲ್ಲಾ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಕೀಬೋರ್ಡ್ ಇಲ್ಲ ಅಂತ ಸರ್ವರ್ ಕಪ್ಪು ಪರದೆಯಲ್ಲೇ ನಿಂತಿರುತ್ತದೆ, ನೀವು ಡಿಸ್ಕ್ ಹೋಯಿತು ಅಂತ ಗಾಬರಿ ಆಗುತ್ತೀರಿ. ನನಗೆ ಎರಡು ದಿನ ಅದೇ ಆಗಿತ್ತು.

ಕೇಬಲ್ ಕೂಡ ನೋಡಿ. ನಮ್ಮ ಮನೆಗೆ ಹಾಕಿದವರು ಎಂಟು ಎಳೆಯಲ್ಲಿ ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿದ್ದರು. ಗಿಗಾಬಿಟ್ಟಿಗೆ ಎಂಟೂ ಬೇಕು, ನಾಲ್ಕಾದರೆ 100ಕ್ಕೇ ನಿಲ್ಲುತ್ತದೆ. ರೌಟರಿನ ಪೋರ್ಟೂ ಗಿಗಾಬಿಟ್ ಇರಬೇಕು.

ಬೆಳಗಾವಿ, ಶಹಾಪುರ

ನಾನು ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮೇಲಿನವರು ಹೇಳಿದ್ದು ಬಹುತೇಕ ಸರಿ, ಮಿರರ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ.

ಮಿರರ್ ಅಂದರೆ ಒಂದೇ ಹೊತ್ತಿಗೆ ಎರಡು ಡಿಸ್ಕಿನ ಮೇಲೆ ಬರೆಯುವುದು. ಅಳಿಸಿದರೂ ಒಂದೇ ಹೊತ್ತಿಗೆ ಎರಡರಿಂದಲೂ ಅಳಿಯುತ್ತದೆ. ನನ್ನ ಹತ್ತಿರ ಬರುವವರಲ್ಲಿ ಡಿಸ್ಕ್ ಕೆಟ್ಟು ಕಳೆದುಕೊಂಡವರಷ್ಟೇ ಜನ ತಪ್ಪಿ ಡಿಲೀಟ್ ಒತ್ತಿ ಕಳೆದುಕೊಂಡವರೂ ಇದ್ದಾರೆ. ಮನೆಯಲ್ಲಿ ಮಕ್ಕಳು, ಅಜ್ಜ, ಎಲ್ಲರ ಫೋನಿನಿಂದಲೂ ತೆರೆಯುವ ಫೋಲ್ಡರ್ ಅದು. ಮಿರರ್ ಇರುವುದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಿರಲಿ ಅಂತ, ಆಫೀಸಿಗೆ ಬೇಕು. ನಿಮ್ಮ ಮನೆಗೆ ಒಂದು ದಿನ ಸರ್ವರ್ ನಿಂತರೆ ಏನೂ ಆಗುವುದಿಲ್ಲ, ಹಾಡು ಹೋದರೆ ಆಗುತ್ತದೆ. ಅದಕ್ಕೆ ಒಂದು ಡಿಸ್ಕ್ ಮುಖ್ಯ, ಎರಡನೆಯದಕ್ಕೆ ದಿನಾ ಒಂದು ಹೊತ್ತಿನಲ್ಲಿ ನಕಲು ಮಾಡುವ ಸಾಫ್ಟ್‌ವೇರ್ ಆದ ಆರ್‌ಸ್ನ್ಯಾಪ್‌ಶಾಟ್‌ನಿಂದ ನಕಲು. ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಹೇಗಿತ್ತೋ ಹಾಗೇ ಸಿಗುತ್ತದೆ, ಬದಲಾಗದ ಫೈಲಿಗೆ ಮತ್ತೆ ಜಾಗ ಹಿಡಿಯುವುದಿಲ್ಲ. ಮೂರನೆಯದು ಮನೆಯಿಂದ ಹೊರಗೆ. ನಿಮ್ಮ 2 ಟಿಬಿ ಎಕ್ಸ್‌ಟರ್ನಲ್ ಅದಕ್ಕೇ ಇರಲಿ, ಒಡೆದು ಒಳಗೆ ಹಾಕಬೇಡಿ.

ಹಳೆ ಡಿಸ್ಕ್ ಎರಡನ್ನೂ ವಿಂಡೋಸ್ ಇರುವ ಯಾವುದಾದರೂ ಕಂಪ್ಯೂಟರಿಗೆ ಹಾಕಿ ಡಿಸ್ಕಿನ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರಿನಲ್ಲಿ ನೋಡಿ. ಅದರ ಲೆಕ್ಕ ಹದಿನಾರರ ಪದ್ಧತಿಯಲ್ಲಿ ಬರುತ್ತದೆ, ಸೆಟ್ಟಿಂಗ್‌ನಲ್ಲಿ ಹತ್ತರ ಪದ್ಧತಿಗೆ ಬದಲಿಸಿಕೊಳ್ಳಿ. ರಿಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್, ಅನ್‌ಕರೆಕ್ಟಬಲ್ ಸೆಕ್ಟರ್, ಡಿಸ್ಕಿನ ಕೆಟ್ಟ ಅಥವಾ ಅನುಮಾನದ ಜಾಗಗಳ ಈ ಮೂರೂ ಲೆಕ್ಕ ಸೊನ್ನೆ ಇರಬೇಕು. ಪೆಂಡಿಂಗ್ ಎದುರು ಒಂದು ಬಂದಿದ್ದರೂ ಆ ಡಿಸ್ಕನ್ನು ನಾನು ನಂಬುವುದಿಲ್ಲ. ಸಿಆರ್‌ಸಿ ಎರರ್ ಜಾಸ್ತಿ ಇದ್ದರೆ ಅದು ಸಾಮಾನ್ಯವಾಗಿ ಸಾಟಾ ಕೇಬಲ್ಲಿನ ದೋಷ, ಕೇಬಲ್ ಬದಲಿಸಿ ನೋಡಿ. ಇನ್ನು ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಅನ್ನುವುದು. ವರ್ಷಕ್ಕೆ 8,760 ಗಂಟೆ. ಡಿವಿಆರ್ ಡಿಸ್ಕ್ ಒಂದು ನಿಮಿಷವೂ ಬಿಡುವಿಲ್ಲದೆ ಬರೆದಿರುತ್ತದೆ, ನಾಲ್ಕು ವರ್ಷ ಓಡಿದ್ದರೆ 35,000 ತೋರಿಸುತ್ತದೆ. ಅದನ್ನು ಸಿನಿಮಾ, ಧಾರಾವಾಹಿ ಇಡಲು ಬಳಸಿ. ಅಪ್ಪನ ಹಾಡು ಅದರ ಮೇಲೆ ಬೇಡ.

ಮೊಲೆಕ್ಸ್‌ನಿಂದ (ಹಳೆ ಮಾದರಿಯ ಪವರ್ ಪ್ಲಗ್) ಸಾಟಾಗೆ ಬದಲಿಸುವ ಅಗ್ಗದ ಕನೆಕ್ಟರ್ ಹಾಕಬೇಡಿ. ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕಿದ ಮಾದರಿಯಲ್ಲಿ ಒಳಗಿನ ತಂತಿಗಳು ಒಂದಕ್ಕೊಂದು ತಗಲಿ ಬೆಂಕಿ ಹತ್ತಿದ್ದನ್ನು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಬೇಕಾದಷ್ಟು ಸಾಟಾ ಪವರ್ ಇರುವ ಎಸ್‌ಎಂಪಿಎಸ್ಸೇ ಆರಿಸಿ. ಟಿಳಕವಾಡಿಯವರೇ, ನಿಮ್ಮ ಆ ಎರಡು ಡಿಸ್ಕ್ ಎಸೆದಿಲ್ಲ ತಾನೇ? ಜಾಸ್ತಿ ವೋಲ್ಟೇಜ್ ಬಂದಾಗ ಡಿಸ್ಕಿನ ಬೋರ್ಡಿನ ಮೇಲಿರುವ ಟಿವಿಎಸ್ ಡಯೋಡ್ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಎಷ್ಟೋ ಸಲ ಆ ಡಯೋಡ್ ತೆಗೆದರೆ ಡಿಸ್ಕ್ ಮತ್ತೆ ತಿರುಗುತ್ತದೆ, ಒಳಗಿನದ್ದನ್ನು ನಕಲು ಮಾಡಿಕೊಳ್ಳುವಷ್ಟು ಸಾಕು. ಕರೆಂಟ್ ಕೊಡಬೇಡಿ, ಹಾಗೇ ತನ್ನಿ.

ಬೆಳಗಾವಿ, ಟಿಳಕವಾಡಿ

ಎಸೆದಿಲ್ಲ! ಕಪಾಟಿನಲ್ಲೇ ಇವೆ. ಈ ಶನಿವಾರ ತರುತ್ತೇನೆ. ಮಿರರ್ ಬಗ್ಗೆ ನೀವು ಹೇಳಿದ್ದು ಒಪ್ಪಿದೆ ಸರ್, ಅಕ್ಕಾರೇ ಅವರ ದಾರಿಯಲ್ಲೇ ಹೋಗಿ.

ಜಮಖಂಡಿ

ಎಲ್ಲರಿಗೂ ಬಹಳ ಧನ್ಯವಾದ. ನಿನ್ನೆ ಕೂತು ನೋಡಿದೆವು. ಡಿವಿಆರ್ ಡಿಸ್ಕ್ 41,000 ಗಂಟೆ ಓಡಿದೆ, ಪೆಂಡಿಂಗ್ 8. ಹಳೆ 500 ಜಿಬಿ ಆಶ್ಚರ್ಯ ಅನ್ನುವ ಹಾಗೆ ಎಲ್ಲಾ ಸೊನ್ನೆ. ಜಿ41 ಬೋರ್ಡಿನ ಮೇಲೆ ನಾಲ್ಕು ಕೆಪಾಸಿಟರ್ ಉಬ್ಬಿವೆ, ಅದನ್ನು ಬಿಟ್ಟೆವು. ಎಚ್81, ಹೊಸ ಎಸ್‌ಎಂಪಿಎಸ್, ಎರಡು 4 ಟಿಬಿ, ಯುಎಸ್‌ಬಿ ಇರುವ ಯುಪಿಎಸ್ ಅಂತ ಪಟ್ಟಿ ಮಾಡಿದ್ದೇವೆ. ಇನ್ನು ಎರಡೇ ಪ್ರಶ್ನೆ. ಸಾಫ್ಟ್‌ವೇರ್ ಯಾವುದು? ಮೂರನೆಯ ನಕಲನ್ನು ವಿಜಯಪುರದಲ್ಲಿರುವ ಅಕ್ಕನ ಮನೆಯಲ್ಲಿ ಇಡೋಣ ಅಂತ, ಅದನ್ನು ಎಷ್ಟು ದಿನಕ್ಕೊಮ್ಮೆ ಹೊಸದು ಮಾಡಬೇಕು?

ಬೆಳಗಾವಿ, ಶಹಾಪುರ

ಓಪನ್‌ಮೀಡಿಯಾವಾಲ್ಟ್ ಹಾಕಿ ತಂಗಿ. ಸ್ಟೋರೇಜ್ ಸರ್ವರಿಗೇ ಮಾಡಿದ್ದು, ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದು, ನಿಮ್ಮ 8 ಜಿಬಿ ಅದಕ್ಕೆ ಧಾರಾಳ. 120 ಜಿಬಿ ಎಸ್‌ಎಸ್‌ಡಿ ಪೂರ್ತಿ ಅದಕ್ಕೇ ಕೊಡಿ. ಹಾಕುವಾಗ 4 ಟಿಬಿ ಡಿಸ್ಕ್‌ಗಳ ಕೇಬಲ್ ಬಿಚ್ಚಿಟ್ಟಿರಿ, ತಪ್ಪಿ ಬೇರೆ ಡಿಸ್ಕ್ ಆರಿಸಿದರೆ ಅಳಿಸಿಬಿಡುತ್ತದೆ. ನಕಲು ಮಾಡುವ ಹೊತ್ತನ್ನು ರಾತ್ರಿ ಹತ್ತಕ್ಕೆ ಇಡಿ, 11ಕ್ಕೆ ಆಫ್ ಮಾಡುವ ಮೊದಲೇ ಮುಗಿಯುತ್ತದೆ.

ಅಕ್ಕನ ಮನೆಗೆ ಇನ್ನೊಂದು 2 ಟಿಬಿ ಎಕ್ಸ್‌ಟರ್ನಲ್ ತಂದರೆ ಒಳ್ಳೆಯದು. ಒಂದು ಅಲ್ಲಿ, ಒಂದು ನಿಮ್ಮಲ್ಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗುತ್ತೀರಲ್ಲ, ಆಗೊಮ್ಮೆ, ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಅದಲು ಬದಲು ಮಾಡಿ. ಟೇಪಿನಿಂದ ಇಳಿಸಿದ್ದು ಇನ್ನು ಬದಲಾಗುವುದಿಲ್ಲ, ಫೋಟೋ ಮಾತ್ರ ಸೇರುತ್ತಾ ಹೋಗುತ್ತದೆ, ಅಷ್ಟು ಸಾಕು. ಬದಲಿಸುವಾಗ ಪ್ರತಿ ಸಲ ನಾಲ್ಕೈದು ಫೈಲ್ ಅಲ್ಲೇ ಅಕ್ಕನ ಲ್ಯಾಪ್‌ಟಾಪಿನಲ್ಲಿ ತೆರೆದು ಕೊನೆಯವರೆಗೆ ಕೇಳಿ. ಡಿಸ್ಕಿನ ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ. ಎಸ್‌ಎಂಪಿಎಸ್ ತಂದ ಮೇಲೆ ಸ್ಟಿಕ್ಕರಿನ ಫೋಟೋ ಕಳಿಸಿ, ಜೋಡಿಸುವ ಮುಂಚೆ ನೋಡಿ ಹೇಳುತ್ತೇನೆ.