ಘಾಟಿ ಹತ್ತುವಾಗ ಹಳೆಯ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದೆ. ನಾಲ್ಕೂ ನಾಜಲ್ ಬದಲಿಸಿದರೂ ನಿಂತಿಲ್ಲ

ಪ್ರಶ್ನೆ, ಗೋವಾದ ಮಾಪುಸಾದಿಂದ:

ಎಲ್ಲರಿಗೂ ನಮಸ್ಕಾರ. ನನ್ನದು 2005ರ ಮಾದರಿಯ, ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಅತಿ ಒತ್ತಡದಲ್ಲಿ ಡೀಸೆಲ್ ಹಾಯಿಸುವ ಹೊಸ ಬಗೆಯ ಕಾಮನ್ ರೈಲ್ ಅಲ್ಲ, ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿ. ವಾರಕ್ಕೆ ಮೂರು ಸಲ ಬೆಳಗಾವಿಯಿಂದ ಚೋರ್ಲಾ ಘಾಟಿಯ ಮೂಲಕ ತರಕಾರಿ ತರುತ್ತೇನೆ. ತುಂಬಿದ ಗಾಡಿ ಘಾಟಿ ಇಳಿಯುವಾಗ ಏನೂ ತೊಂದರೆಯಿಲ್ಲ. ಆದರೆ ಖಾಲಿ ಗಾಡಿ ಮರಳಿ ಘಾಟಿ ಹತ್ತುವಾಗ, ಇಂಜಿನ್ ಚೆನ್ನಾಗಿ ಕಾದ ಮೇಲೆ, ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೇನೋ ಎಂಬಂತೆ ನಡುಗತೊಡಗುತ್ತದೆ ಮತ್ತು ಎಳೆತ ಕುಗ್ಗುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಅದರಲ್ಲಿ ಹಸಿ ಡೀಸೆಲ್ಲಿನ ವಾಸನೆಯಿದೆ. ಬೆಳಿಗ್ಗೆ ತಣ್ಣಗಿರುವಾಗ ದೋಷ ಬಹಳ ಕಡಿಮೆ. ಡೀಸೆಲ್ ಫಿಲ್ಟರ್ ಬದಲಿಸಿದ್ದಾಯಿತು, ಮೆಕ್ಯಾನಿಕ್ ಹೇಳಿದರೆಂದು ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಹೊಸದು ಹಾಕಿಸಿದ್ದಾಯಿತು. ಈಗ ಅವರು ಪಂಪ್ ಬಿಚ್ಚಬೇಕೆನ್ನುತ್ತಿದ್ದಾರೆ. ಅಷ್ಟು ಖರ್ಚಿಗೆ ಮೊದಲು ನಾನೇ ನೋಡಬಹುದಾದುದು ಏನಾದರೂ ಇದೆಯೇ?

ಉತ್ತರ, ವಾಸ್ಕೋದಿಂದ:

ಮಳೆಗಾಲವಾದ್ದರಿಂದ ಡೀಸೆಲ್ಲಿನಲ್ಲಿ ನೀರು ಸೇರಿರಬಹುದು, ಅಥವಾ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿರಬಹುದು. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟರೆ ನೀರು ಅಡಿಗೆ ಇಳಿದು ಕಾಣುತ್ತದೆ. ನನ್ನ ಗಾಡಿಯಲ್ಲಿ ಹೀಗೆ ಅರ್ಧ ಲೋಟ ನೀರು ಸಿಕ್ಕಿತ್ತು.

ಉತ್ತರ, ಪುಣೆಯ ಭೋಸರಿಯಿಂದ:

ಮೇಲಿನ ಸಲಹೆ ತಪ್ಪಲ್ಲ, ನೋಡಿಬಿಡಿ. ಆದರೆ ನೀರು ಅಥವಾ ಗಾಳಿ ಇದ್ದರೆ ಸಾಮಾನ್ಯವಾಗಿ ಇಡೀ ಇಂಜಿನ್ ತಡವರಿಸುತ್ತದೆಯೇ ಹೊರತು ಒಂದೇ ಸಿಲಿಂಡರ್ ಬಿಡುವುದಿಲ್ಲ. ನಾನು ಪಂಪ್ ಮತ್ತು ನಾಜಲ್ ಕೆಲಸದಲ್ಲೇ ಇರುವವನು. ಹಾಗಿದ್ದೂ ಹೇಳುತ್ತೇನೆ, ಯಾವ ಸಿಲಿಂಡರ್ ಎಂದು ಗೊತ್ತಾಗುವ ಮೊದಲು ಪಂಪಿಗೆ ಕೈ ಹಾಕಬೇಡಿ.

ಇಂಜಿನ್ ಕಾದ ಮೇಲೆ ಐಡಲಿನಲ್ಲಿಟ್ಟು, ಪಂಪಿನಿಂದ ನಾಜಲ್ಲಿಗೆ ಹೋಗುವ ಪೈಪಿನ ನಟ್ಟನ್ನು ನಾಜಲ್ ತುದಿಯಲ್ಲಿ ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸರಿಯಿರುವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಇಂಜಿನ್ ಇನ್ನಷ್ಟು ನಡುಗುತ್ತದೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ದೋಷ ಆ ಸಿಲಿಂಡರಿನಲ್ಲಿದೆ. ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಚಿಮ್ಮುವ ಡೀಸೆಲ್ಲಿನ ಎದುರಿಗೆ ಕೈ ಒಡ್ಡಬೇಡಿ, ಏಕೆಂದರೆ ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಇದನ್ನು ಓದುವ ಇತರರು ಕಾಮನ್ ರೈಲ್ ಗಾಡಿಯಲ್ಲಿ ಎಂದಿಗೂ ಹೀಗೆ ಮಾಡಬಾರದು. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ.

ಸಿಲಿಂಡರ್ ಗೊತ್ತಾದ ಮೇಲೆ ಅದರ ನಾಜಲ್ಲನ್ನು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ತಾಮ್ರದ ವಾಷರ್ ಮಾತ್ರ ಹೊಸದೇ ಇರಲಿ. ದೋಷವೂ ಜೊತೆಗೆ ಹೋದರೆ ನಾಜಲ್ ಕೆಟ್ಟಿದೆ, ಹೊಸದಾದರೂ ಸರಿ. ದೋಷ ಅಲ್ಲೇ ಉಳಿದರೆ ಟ್ಯಾಪೆಟ್ ನೋಡಿ, ಅಂದರೆ ವಾಲ್ವಿನ ಕಾಂಡಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಗ್ಯಾಪ್. ತಣ್ಣಗಿರುವಾಗ ಚೆನ್ನಾಗಿದ್ದು ಕಾದ ಮೇಲೆ ಹದಗೆಡುತ್ತದೆ ಎಂದು ನೀವು ಬರೆದದ್ದೇ ನನಗೆ ಆ ಅನುಮಾನ ಹುಟ್ಟಿಸಿದೆ. ವಾಲ್ವ್ ಸೀಟು ಸವೆದಂತೆ ವಾಲ್ವ್ ಒಳಗೆ ಕುಳಿತು ಅದರ ಕಾಂಡ ಮೇಲೇಳುತ್ತದೆ, ಗ್ಯಾಪ್ ಮುಚ್ಚಿಹೋಗುತ್ತದೆ. ಬಿಸಿಗೆ ಕಾಂಡ ಇನ್ನೂ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ, ಸೋರುತ್ತದೆ, ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬೀಳುತ್ತದೆ.

ಪ್ರಶ್ನೆ ಕೇಳಿದವರು, ಐದು ದಿನಗಳ ನಂತರ:

ಫಿಲ್ಟರಿನಲ್ಲಿ ನೀರಿರಲಿಲ್ಲ. ಸತ್ತಿದ್ದು ಮೂರನೆಯ ಸಿಲಿಂಡರ್. ಎರಡನೆಯದರ ಜೊತೆ ನಾಜಲ್ ಅದಲುಬದಲು ಮಾಡಿದರೂ ದೋಷ ಮೂರರಲ್ಲೇ ಉಳಿಯಿತು, ಅಂದರೆ ನಾಜಲ್ಲಿಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ವಾಲ್ವ್ ಕವರ್ ತೆಗೆದು ನೋಡಿದಾಗ ಮೂರನೆಯದರ ಎಕ್ಸಾಸ್ಟ್ ವಾಲ್ವಿಗೆ (ಹೊಗೆ ಹೊರಬಿಡುವ ವಾಲ್ವ್) ಗ್ಯಾಪ್ ಅಳೆಯುವ ಫೀಲರ್ ಗೇಜಿನ ಅತಿ ತೆಳ್ಳನೆಯ ಎಲೆಯೂ ತೂರಲಿಲ್ಲ. ಪುಸ್ತಕದಲ್ಲಿದ್ದ ಅಳತೆಗೆ ಗ್ಯಾಪ್ ಇಟ್ಟ ಮೇಲೆ ನಡುಕ ಮುಕ್ಕಾಲು ಪಾಲು ಇಳಿದಿದೆ, ಆದರೆ ಪೂರ್ತಿ ಹೋಗಿಲ್ಲ. ಕಂಪ್ರೆಷನ್ ಅಳೆಸಿದಾಗ ಉಳಿದ ಮೂರೂ 27 ಬಾರಿನ ಆಸುಪಾಸಿನಲ್ಲಿದ್ದರೆ ಇದು 22ಕ್ಕೆ ನಿಂತಿತು.

ಉತ್ತರ, ಭೋಸರಿಯಿಂದ:

ಹಾಗಾದರೆ ವಾಲ್ವ್ ಈಗಾಗಲೇ ಸ್ವಲ್ಪ ಸುಟ್ಟಿದೆ. ವಾಲ್ವುಗಳಿರುವ, ಇಂಜಿನಿನ ಮೇಲಿನ ಭಾಗವಾದ ಹೆಡ್ ಬಿಚ್ಚಿ, ಆ ವಾಲ್ವ್ ಬದಲಿಸಿ ಸೀಟು ಕಡೆಸಬೇಕಾಗುತ್ತದೆ. ಪಂಪ್ ಮುಟ್ಟುವ ಅಗತ್ಯವಿಲ್ಲ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಆ ಗ್ಯಾಪ್ ಪರೀಕ್ಷಿಸುತ್ತಿರಿ.

ಪ್ರಶ್ನೆ ಕೇಳಿದವರು:

ಚೌತಿಯವರೆಗೆ ತರಕಾರಿಯ ಬೇಡಿಕೆ ಹೆಚ್ಚು, ಗಾಡಿ ನಿಲ್ಲಿಸುವ ಹಾಗಿಲ್ಲ. ಹಬ್ಬ ಮುಗಿದ ವಾರವೇ ಹೆಡ್ ಇಳಿಸುತ್ತೇನೆ. ಇಬ್ಬರಿಗೂ ಧನ್ಯವಾದಗಳು.